ಬಾಲರಾಜ ಎಡ್ವರ್ಡ್‌ನ ಕಾಲದ ವಿದೇಶಾಂಗ ನೀತಿಯನ್ನು ನಾನು ಪಾಠಕ್ಕೆ ಅಳವಡಿಸಿದ ಬಗೆ

ಇಂಗ್ಲೆಂಡಿನ ರಾಜ ಆರನೆಯ ಎಡ್ವರ್ಡ್‌ನ ಆರು ವರ್ಷಗಳ ಆಳ್ವಿಕೆಯನ್ನು ಪದವಿ ತರಗತಿಯ ಪಠ್ಯಗಳು ಬಹುಮಟ್ಟಿಗೆ ಧಾರ್ಮಿಕ ಸುಧಾರಣೆಯ ಕಥೆಯಾಗಿಯೇ ಹೇಳಿ ಮುಗಿಸುತ್ತವೆ. ವಿದೇಶಾಂಗ ನೀತಿಯ ಪ್ರಸ್ತಾಪ ಬಂದರೆ ಸ್ಕಾಟ್ಲೆಂಡಿಗೊಂದು ಕಂಡಿಕೆ, ಫ್ರಾನ್ಸಿಗೊಂದು ಕಂಡಿಕೆ. ಇತಿಹಾಸದ ಅಧ್ಯಾಪಕನಾಗಿ ಈ ಪಾಠವನ್ನು ಕನ್ನಡದಲ್ಲಿ ಸಿದ್ಧಪಡಿಸಲು ಕುಳಿತಾಗ ನಾನು ಮೊದಲು ಕೈಬಿಟ್ಟದ್ದು ಈ ವಿಂಗಡಣೆಯನ್ನೇ. ದೊಡ್ಡ ಹಾಳೆಯೊಂದರಲ್ಲಿ ಲಂಡನ್, ಎಡಿನ್‌ಬರೋ, ಫ್ರೆಂಚ್ ಆಸ್ಥಾನ ಎಂದು ಮೂರು ಅಂಕಣಗಳನ್ನು ಎಳೆದು, 1543ರಿಂದ 1553ರವರೆಗಿನ ಘಟನೆಗಳನ್ನು ತಿಂಗಳವಾರು ತುಂಬುತ್ತ ಹೋದೆ.

ಇಂಥ ಪಟ್ಟಿ ಮಾಡುವವರು ಗಮನಿಸಬೇಕಾದ ತಾಂತ್ರಿಕ ಸಂಗತಿಯೊಂದಿದೆ. ಅಂದಿನ ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದುದು ಮಾರ್ಚ್ 25ರಂದು. ಆದ್ದರಿಂದ ನಾವು 1550ರ ಮಾರ್ಚ್ 24 ಎನ್ನುವ, ಇಂಗ್ಲೆಂಡ್ ಫ್ರಾನ್ಸ್‌ಗಳ ನಡುವಿನ ಬುಲೋನ್ ಒಪ್ಪಂದದ ದಿನ ಅವರ ಎಣಿಕೆಯಲ್ಲಿ 1549ರ ಕೊನೆಯ ದಿನವಾಗಿತ್ತು. ವರ್ಷದ ಮೊದಲ ಮೂರು ತಿಂಗಳ ದಾಖಲೆಗಳ ಇಸವಿಯನ್ನು ಸರಿಪಡಿಸಿಕೊಳ್ಳದಿದ್ದರೆ ಕಾರಣ ಪರಿಣಾಮಗಳೇ ತಲೆಕೆಳಗಾಗುತ್ತವೆ.

1547ರ ಜನವರಿಯಲ್ಲಿ ಎಂಟನೆಯ ಹೆನ್ರಿ ತೀರಿಕೊಂಡಾಗ ಒಂಬತ್ತು ವರ್ಷದ ಮಗನಿಗೆ ಎರಡು ಬಗೆಹರಿಯದ ವ್ಯವಹಾರಗಳು ಉಳಿದವು. ಒಂದು, ಎಡ್ವರ್ಡ್‌ಗೆ ಸ್ಕಾಟ್ಲೆಂಡಿನ ಹಸುಳೆ ರಾಣಿ ಮೇರಿಯನ್ನು ತಂದುಕೊಳ್ಳುವ 1543ರ ಗ್ರೀನಿಚ್ ಒಪ್ಪಂದ. ಅದನ್ನು ಸ್ಕಾಟಿಷ್ ಪಾರ್ಲಿಮೆಂಟು ಅದೇ ವರ್ಷದ ಡಿಸೆಂಬರಿನಲ್ಲಿ ತಳ್ಳಿಹಾಕಿತ್ತು. ಇನ್ನೊಂದು, 1544ರಲ್ಲಿ ಗೆದ್ದ ಬುಲೋನ್ ಪಟ್ಟಣ. 20 ಲಕ್ಷ ಕ್ರೌನ್ ಪಡೆದು ಅದನ್ನು 1554ರಲ್ಲಿ ಫ್ರಾನ್ಸಿಗೆ ಮರಳಿಸುವುದೆಂದು 1546ರಲ್ಲಿ ಮಾತಾಗಿತ್ತು. ರಾಜನ ಸೋದರಮಾವ, ಬಾಲರಾಜನ ಪರವಾಗಿ ಆಡಳಿತ ನಡೆಸುತ್ತಿದ್ದ ಲಾರ್ಡ್ ಪ್ರೊಟೆಕ್ಟರ್ ಸಾಮರ್ಸೆಟ್ ಮೊದಲನೆಯದಕ್ಕೆ ಕೈಹಾಕಿದ. 1547ರ ಸೆಪ್ಟೆಂಬರ್ 10ರಂದು ಮಸಲ್‌ಬರೋ ಬಳಿಯ ಪಿಂಕಿಯಲ್ಲಿ ಸ್ಕಾಟಿಷ್ ಸೇನೆ ಧೂಳೀಪಟವಾಯಿತು. ಯುದ್ಧ ವರ್ಣನೆಗೆ ತರಗತಿಯಲ್ಲಿ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ, ಏಕೆಂದರೆ ಈ ಗೆಲುವಿನಿಂದ ಹುಡುಗಿ ಕೈಗೆ ಬರಲಿಲ್ಲ.

ನಾನು ನಿಲ್ಲುವುದು ಹ್ಯಾಡಿಂಗ್ಟನ್‌ನಲ್ಲಿ. ಪ್ರತಿವರ್ಷ ಸೇನೆ ಕಳುಹಿಸಿ ಊರು ಸುಡುವ ಹೆನ್ರಿಯ ಪದ್ಧತಿಯ ಬದಲು, ಸ್ಕಾಟ್ಲೆಂಡಿನ ಒಳಗೇ ಕೋಟೆ ಕಟ್ಟಿ ಕಾವಲುಪಡೆ ಇಟ್ಟರೆ ಸುತ್ತಲಿನ ಜನ ತಾವಾಗಿ ಇಂಗ್ಲೆಂಡಿನ ಕಡೆ ವಾಲುತ್ತಾರೆ, ಖರ್ಚೂ ತಗ್ಗುತ್ತದೆ ಎಂಬುದು ಸಾಮರ್ಸೆಟ್‌ನ ಲೆಕ್ಕಾಚಾರವಾಗಿತ್ತು. ಬ್ರಾಟಿ, ರಾಕ್ಸ್‌ಬರೋ, ಐಮತ್, ಲಾಡರ್ ಮುಂತಾದ ಠಾಣೆಗಳ ನಡುವೆ ದೊಡ್ಡದು ಹ್ಯಾಡಿಂಗ್ಟನ್. 1548ರಲ್ಲಿ ಅಲ್ಲಿ ಇಟಾಲಿಯನ್ ಮಾದರಿಯ, ಫಿರಂಗಿ ಗುಂಡು ತಡೆಯುವ ದಪ್ಪ ಮಣ್ಣಿನ ಕೊತ್ತಳಗಳು ಎದ್ದವು. ಭೂಪಟವನ್ನು ಬೋರ್ಡಿಗೆ ಹಾಕಿ, ಎಡಿನ್‌ಬರೋದಿಂದ ಅಲ್ಲಿಗೆ ಸುಮಾರು 27 ಕಿಲೋಮೀಟರ್, ಇಂಗ್ಲಿಷರ ಉಗ್ರಾಣವಿದ್ದ ಬೆರ್ವಿಕ್‌ನಿಂದ ಅದರ ಎರಡರಷ್ಟಕ್ಕೂ ಹೆಚ್ಚು ಎಂದು ಅಳೆದು ತೋರಿಸುತ್ತೇನೆ. ಊರು ಸಮುದ್ರದ ದಂಡೆಯಲ್ಲಿಲ್ಲ. ಹಿಟ್ಟು, ಮದ್ದುಗುಂಡು, ಸಂಬಳ ಎಲ್ಲವೂ ಬೆಂಗಾವಲಿನೊಂದಿಗೆ ಗಾಡಿಯ ಮೇಲೆ ಹೋಗಬೇಕು. ಆನೆ ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ ಎನ್ನುವಂತೆ, ಕೋಟೆ ಹಿಡಿಯಲು ತಗಲಿದ್ದಕ್ಕಿಂತ ಉಳಿಸಿಕೊಳ್ಳಲು ತಗಲಿದ್ದೇ ಹೆಚ್ಚಾಯಿತು. ಸಾಲದ್ದಕ್ಕೆ ಕಾವಲುಪಡೆಗೆ ಪ್ಲೇಗ್ ಬಡಿಯಿತು.

ಮೂರು ಅಂಕಣಗಳು ನನಗೆ ನಿಜವಾಗಿ ನೆರವಾದದ್ದು ಈ ಹಂತದಲ್ಲಿ. 1547ರ ಮಾರ್ಚ್ ಕೊನೆಯಲ್ಲಿ ಫ್ರಾನ್ಸಿನ ಮೊದಲನೆಯ ಫ್ರಾನ್ಸಿಸ್ ಸತ್ತು ಎರಡನೆಯ ಹೆನ್ರಿ ಪಟ್ಟಕ್ಕೆ ಬಂದ. ಗೀಸ್ ಮನೆತನದವರು ಅವನ ಆಸ್ಥಾನದಲ್ಲಿ ಪ್ರಬಲರಾಗಿದ್ದರು, ಮೇರಿಯ ತಾಯಿ ಅದೇ ಮನೆತನದವಳು. ಇಂಗ್ಲಿಷ್ ಠಾಣೆಗಳಿಂದ ಬೇಸತ್ತ ಸ್ಕಾಟರಿಗೆ ನೆರವು ಕೋರಲು ಬೇರೆ ಬಾಗಿಲೇ ಇರಲಿಲ್ಲ. 1548ರ ಜೂನಿನಲ್ಲಿ ಲೀತ್ ಬಂದರಿನಲ್ಲಿ ಸಾವಿರಾರು ಫ್ರೆಂಚ್ ಸೈನಿಕರು ಇಳಿದರು. ಜುಲೈ 7ರಂದು, ಮುತ್ತಿಗೆಗೆ ಒಳಗಾಗಿದ್ದ ಅದೇ ಹ್ಯಾಡಿಂಗ್ಟನ್ನಿನ ಹೊರವಲಯದಲ್ಲಿ ಸ್ಕಾಟಿಷ್ ಪಾರ್ಲಿಮೆಂಟು ಸೇರಿ, ಮೇರಿಯನ್ನು ಫ್ರಾನ್ಸಿನ ಯುವರಾಜನಿಗೆ ಕೊಡಲು ಒಪ್ಪಿತು. ಫ್ರೆಂಚ್ ಹಡಗುಗಳು ಪೂರ್ವ ಕರಾವಳಿಯ ಇಂಗ್ಲಿಷ್ ನೌಕೆಗಳನ್ನು ತಪ್ಪಿಸಿ ಸ್ಕಾಟ್ಲೆಂಡಿನ ಉತ್ತರ ತುದಿಯನ್ನು ಬಳಸಿಕೊಂಡು ಪಶ್ಚಿಮದ ಡಂಬಾರ್ಟನ್‌ಗೆ ಬಂದು, ಐದು ವರ್ಷದ ರಾಣಿಯನ್ನು ಆಗಸ್ಟ್‌ನಲ್ಲಿ ಕರೆದೊಯ್ದವು. ಆ ದಾರಿಯನ್ನು ಕೆಂಪು ಸೀಸದಲ್ಲಿ ಎಳೆದು ತೋರಿಸಿದಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: ಮದುವೆಗೆಂದೇ ಯುದ್ಧ ಹೂಡಿದ್ದರೆ, ಹೆಣ್ಣೇ ಹೋದ ಮೇಲೂ ಕೋಟೆಗಳೇಕೆ? ಪ್ರತಿಷ್ಠೆಯ ಹೊರತು ಬೇರೆ ಉತ್ತರ ನನಗೆ ತೋಚಿಲ್ಲ. ಆ ಪ್ರತಿಷ್ಠೆಯ ಬೆಲೆ ಸಣ್ಣದಲ್ಲ. ಸಾಮರ್ಸೆಟ್‌ನ ಸ್ಕಾಟ್ಲೆಂಡ್ ಯುದ್ಧದ ಖರ್ಚನ್ನು ಇತಿಹಾಸಕಾರರು ಸುಮಾರು 5,80,000 ಪೌಂಡ್ ಎನ್ನುತ್ತಾರೆ. ಅದನ್ನು ಸರಿದೂಗಿಸಲು ನಾಣ್ಯಗಳ ಬೆಳ್ಳಿಯನ್ನು ಕಡಿಮೆ ಮಾಡುವ ಹಳೆಯ ಚಾಳಿ ಮುಂದುವರಿದು, ಬೆಲೆಗಳು ಏರಿದವು.

1549ರ ಬೇಸಗೆಯಲ್ಲಿ ಡೆವನ್, ಕಾರ್ನ್‌ವಾಲ್, ನಾರ್ಫೋಕ್‌ಗಳಲ್ಲಿ ದಂಗೆಯೆದ್ದಿತು. ಅದೇ ಸಮಯ ನೋಡಿ ಆಗಸ್ಟ್‌ನಲ್ಲಿ ಫ್ರಾನ್ಸ್ ಯುದ್ಧ ಸಾರಿತು, ಸೆಪ್ಟೆಂಬರಿನಲ್ಲಿ ಹ್ಯಾಡಿಂಗ್ಟನ್ ಖಾಲಿಯಾಯಿತು, ಅಕ್ಟೋಬರಿನಲ್ಲಿ ಸಾಮರ್ಸೆಟ್ ಅಧಿಕಾರ ಕಳೆದುಕೊಂಡ.

ಅವನ ಜಾಗಕ್ಕೆ ಬಂದ, ಮುಂದೆ ನಾರ್ಥಂಬರ್ಲೆಂಡ್ ಡ್ಯೂಕ್ ಆದ ಜಾನ್ ಡಡ್ಲಿ 1550ರ ಬುಲೋನ್ ಒಪ್ಪಂದದಲ್ಲಿ ಆ ಪಟ್ಟಣವನ್ನು 4 ಲಕ್ಷ ಕ್ರೌನ್‌ಗೆ ಬಿಟ್ಟುಕೊಟ್ಟ. 20 ಲಕ್ಷದ ಸ್ವತ್ತು 4 ಲಕ್ಷಕ್ಕೆ ಹೋಯಿತೆಂದು ಇದನ್ನು ಅವಮಾನವೆನ್ನುವ ಬರಹಗಾರರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಆ 20 ಲಕ್ಷ ಕೈಸೇರಬೇಕಾದರೆ ಇನ್ನೂ ನಾಲ್ಕು ವರ್ಷ ಪಟ್ಟಣವನ್ನು ಕಾಯಬೇಕಿತ್ತು, ಕಾಯಲು ಬೊಕ್ಕಸದಲ್ಲಿ ಹಣವಿರಲಿಲ್ಲ.

ಈ ಭಾಗಕ್ಕೆ ನಾನು ಬಳಸುವ ಆಕರ ಎಡ್ವರ್ಡ್‌ನೇ ಬರೆದ ದಿನಚರಿ. ಮೊದಲ ಪುಟಗಳಲ್ಲಿ ತನ್ನನ್ನೂ ಪ್ರಥಮ ಪುರುಷದಲ್ಲಿ 'ರಾಜ' ಎಂದೇ ಕರೆದುಕೊಳ್ಳುವ ಆ ಹುಡುಗ ಒಪ್ಪಂದ, ಒತ್ತೆಯಾಳು, ರಾಯಭಾರಿಗಳ ಸತ್ಕಾರಗಳನ್ನು ಗುಮಾಸ್ತನ ನಿರ್ಲಿಪ್ತತೆಯಿಂದ ದಾಖಲಿಸುತ್ತಾನೆ. 1552ರ ಜನವರಿಯಲ್ಲಿ ಸೋದರಮಾವನ ತಲೆ ಕಡಿದದ್ದಕ್ಕೂ ಸಿಕ್ಕಿರುವುದು ಸ್ಥಳ, ಸಮಯ ಹೇಳುವ ಒಂದು ವಾಕ್ಯ ಮಾತ್ರ. ನೀತಿಯನ್ನು ಅವನೇ ರೂಪಿಸಿದನೆಂದು ಸಾಧಿಸಲು ಈ ದಿನಚರಿ ಸಾಲದು. ಆದರೆ ಕೌನ್ಸಿಲಿನವರು ಅವನಿಗೆ ಏನೇನು ತಿಳಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. 1551ರ ಜುಲೈನಲ್ಲಿ ಆಂಜೇ ಒಪ್ಪಂದದ ಮೂಲಕ ಎಡ್ವರ್ಡ್‌ಗೆ ಫ್ರೆಂಚ್ ರಾಜಕುಮಾರಿ ಎಲಿಜಬೆತ್ 2 ಲಕ್ಷ ಕ್ರೌನ್ ವರದಕ್ಷಿಣೆಯೊಂದಿಗೆ ನಿಶ್ಚಯವಾದಳು. ಮರುವರ್ಷ ಪವಿತ್ರ ರೋಮನ್ ಚಕ್ರವರ್ತಿ ಐದನೆಯ ಚಾರ್ಲ್ಸ್ ಹಳೆಯ ಒಪ್ಪಂದ ನೆನಪಿಸಿ ಫ್ರಾನ್ಸಿನ ವಿರುದ್ಧ ನೆರವು ಕೇಳಿದರೂ ಇಂಗ್ಲೆಂಡ್ ಯಾವ ಪಕ್ಷವನ್ನೂ ಸೇರಲಿಲ್ಲ.

ಸ್ಕಾಟ್ಲೆಂಡಿನೊಂದಿಗೆ 1551ರ ಜೂನಿನಲ್ಲಿ ನಾರಮ್ ಒಪ್ಪಂದವಾಯಿತು. ಎಸ್ಕ್ ಮತ್ತು ಸಾರ್ಕ್ ನದಿಗಳ ನಡುವೆ ಎರಡೂ ದೇಶಗಳು ತನ್ನದೆನ್ನುತ್ತಿದ್ದ, ಎರಡರ ಕಾನೂನೂ ನಡೆಯದ ವಿವಾದಿತ ಭೂಮಿಯನ್ನು 1552ರಲ್ಲಿ ಹಂಚಿಕೊಂಡಾಗ ಮಧ್ಯಸ್ಥಿಕೆ ವಹಿಸಿದವನು ಫ್ರೆಂಚ್ ರಾಯಭಾರಿ. ಭೂಪಟದಲ್ಲಿ ಈ ಗೆರೆಯನ್ನು ನಾನು ತಪ್ಪದೆ ಗುರುತಿಸುತ್ತೇನೆ. ಅಂದು ಎರಡು ನದಿಗಳ ನಡುವೆ ಕಂದಕ ತೋಡಿ ಮಣ್ಣಿನ ದಿಬ್ಬ ಹಾಕಿದ ಜಾಗ ಇಂದಿಗೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಗಡಿಯೇ ಆಗಿದೆ.