‘ಏನಾದ್ರೂ ಬೇಕಾದ್ರೆ ಹೇಳಿ’ ಅನ್ನೋದನ್ನು ಬಿಟ್ಟ ಮೇಲೆ

ಅಕ್ಕಪಕ್ಕದ ಮನೆಯಲ್ಲಿ ಕಷ್ಟ ಅಂತ ಗೊತ್ತಾದಾಗ ನಾವೆಲ್ಲ ಹೇಳುವುದು ಒಂದೇ ಮಾತು. ‘ಏನಾದ್ರೂ ಬೇಕಾದ್ರೆ ಹೇಳಿ.’ ಯಾರೂ ಹೇಳುವುದಿಲ್ಲ. ಕೇಳೋಕೆ ಸಂಕೋಚ, ಜೊತೆಗೆ ಎಷ್ಟರ ಮಟ್ಟಿಗೆ ಕೇಳಬಹುದು ಅನ್ನೋದೂ ತಿಳಿಯುವುದಿಲ್ಲ, ಅಲ್ವಾ?

ನಾನು ಆ ಮಾತನ್ನೇ ಬಿಟ್ಟೆ. ಹೂಂ ಅಥವಾ ಬೇಡ ಅಂತ ಹೇಳಿ ಮುಗಿಸಬಹುದಾದ ಹಾಗೆ ಕೇಳೋಕೆ ಶುರುಮಾಡಿದೆ. ‘ಸಂಜೆ ಔಷಧಿ ಅಂಗಡಿ ಕಡೆ ಹೋಗ್ತಿದ್ದೀನಿ ಅಜ್ಜಿ, ನಿಮ್ಮ ಚೀಟಿ ಕೊಡ್ತೀರಾ?’ ‘ನಾಳೆ ನಂಗೆ ರಜೆ ಅಕ್ಕ, ಮಗೂನ ಒಂದು ಗಂಟೆ ನಾನು ನೋಡ್ಕೋತೀನಿ, ನೀವು ಮಲಗಿ.’ ಹೇಗೂ ಹೋಗುವ ದಾರಿಯಲ್ಲಿ ಆಗುವ ಕೆಲಸ ಅಂದರೆ ಅವರಿಗೂ ಹಂಗು ಅನ್ನಿಸುವುದಿಲ್ಲ.

ಔಷಧಿ ತಂದುಕೊಡುವುದು ಸಣ್ಣ ಕೆಲಸ ಅನ್ನಿಸಬಹುದು, ಆದರೆ ಅದರಲ್ಲಿ ನೋಡಿಕೊಳ್ಳಬೇಕಾದ್ದು ಜಾಸ್ತಿ. ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಕೊಟ್ಟರೆ ಅವಧಿ ಮುಗಿಯುವ ದಿನಾಂಕ ಇರುವ ತುದಿ ಅಂಗಡಿಯಲ್ಲೇ ಉಳಿದುಬಿಡಬಹುದು, ಹಾಗಾಗಿ ದಿನಾಂಕ ಇರುವ ತುಂಡನ್ನೇ ಕೇಳಿ ತರುತ್ತೇನೆ. ಪಟ್ಟಿಯ ಮೇಲಿನ ಅಕ್ಷರ ನನಗೇ ಕಾಣುವುದು ಕಷ್ಟ, ಇನ್ನು ಅಜ್ಜಿಗೆಲ್ಲಿ ಕಾಣಬೇಕು! ಕವರಿನ ಮೇಲೆ ದಪ್ಪ ಪೆನ್ನಿನಲ್ಲಿ, ವೈದ್ಯರ ಚೀಟಿ ನೋಡಿಕೊಂಡೇ, ‘ರಾತ್ರಿ, ಊಟ ಆದ ಮೇಲೆ’ ಅಂತ ಬರೆಯುತ್ತೇನೆ. ಅದೇ ಔಷಧಿ ಬೇರೆ ಕಂಪನಿಯದು ಬಂದರೆ ಮಾತ್ರೆಯ ಬಣ್ಣ, ಆಕಾರ ಬದಲಾಗಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಹಳೆಯದನ್ನೂ ಹೊಸದನ್ನೂ ಎರಡನ್ನೂ ನುಂಗುವವರಿದ್ದಾರೆ.

ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ‘ಯಾರಾದ್ರೂ ಸಹಾಯ ಮಾಡಿ’ ಅಂತ ಹಾಕುವುದರಲ್ಲಿ ನನಗೆ ನಂಬಿಕೆ ಇಲ್ಲ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸುತ್ತಾರೆ, ಬೇರೆ ಯಾರೋ ಹೋಗಿರುತ್ತಾರೆ ಅಂದುಕೊಂಡು ಸುಮ್ಮನಾಗುತ್ತಾರೆ. ಜನ ಕೆಟ್ಟವರು ಅಂತಲ್ಲ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಅನ್ನುವ ಮನಶ್ಶಾಸ್ತ್ರಜ್ಞರು ಇದರ ಪ್ರಯೋಗವನ್ನೇ ಮಾಡಿದ್ದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ಹಾಗೆ ದನಿ ಕೇಳಿಸಿದರು. ಕೇಳಿಸಿಕೊಂಡವನು ತಾನೊಬ್ಬನೇ ಅಂದುಕೊಂಡವರಲ್ಲಿ ಆ ದನಿ ನಿಲ್ಲುವುದರೊಳಗೆ ಶೇ. 85ರಷ್ಟು ಜನ ಎದ್ದು ಹೋಗಿ ಹೇಳಿದರು. ಇನ್ನೂ 4 ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡವರಲ್ಲಿ ಹೋದವರು ಶೇ. 31 ಮಾತ್ರ. ಅದಕ್ಕೇ ನಾನು ಒಬ್ಬರಿಗೇ ಫೋನ್ ಮಾಡುತ್ತೇನೆ. ಹೆಸರು ಹಿಡಿದು, ಇಂಥ ಕೆಲಸ, ಇಷ್ಟು ಹೊತ್ತಿಗೆ. ಆಗಲ್ಲ ಅಂದರೆ ಮತ್ತೊಬ್ಬರು.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ಬರೀ ಕೊಡುತ್ತಾ ಹೋಗಬೇಡಿ, ಕೇಳಿ ಕೂಡ. ಅಮೆರಿಕದ ಹಳೆಯ ಕಾಲದ ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ತನಗೆ ಆಗದವನೊಬ್ಬನಿಂದ ಅಪರೂಪದ ಪುಸ್ತಕವೊಂದನ್ನು ಎರವಲು ಕೇಳಿ ತಂದು, ಓದಿ, ಧನ್ಯವಾದ ಹೇಳಿ ವಾಪಸ್ ಕೊಟ್ಟ. ಆಮೇಲೆ ಅವನೇ ಗೆಳೆಯನಾದ ಅಂತ ಬರೆದುಕೊಂಡಿದ್ದಾನೆ. ನಾನು ಪಕ್ಕದ ಮನೆಯವರನ್ನು ಕೇಳಿದ್ದು ಏಣಿ. ಕೊಂಡುಕೊಳ್ಳಬಹುದಿತ್ತು, ಆದರೆ ವರ್ಷವಿಡೀ ಗೋಡೆಗೆ ಒರಗಿ ನಿಲ್ಲುವ ವಸ್ತು ಮನೆಗೊಂದು ಯಾಕೆ? ತಿರುಗಿಸಿ ಕೊಡುವಾಗ ಸಡಿಲವಾಗಿದ್ದ ಮೆಟ್ಟಿಲಿನ ಬೋಲ್ಟ್ ಬಿಗಿ ಮಾಡಿ, ಬಣ್ಣದ ಕಲೆ ಒರೆಸಿ ಕೊಟ್ಟೆ. ಮುಂದಿನ ಸಲ ಅವರೇ ಬಂದು ನನ್ನ ಡ್ರಿಲ್ ಕೇಳಿದರು. ಈಗ ಏಣಿ, ಡ್ರಿಲ್, ಕೈಗಾಡಿ ಮೂರೂ ಬೀದಿಯೆಲ್ಲ ಓಡಾಡುತ್ತವೆ.

ಎಷ್ಟು ಕೇಳಿದರೂ ಬೇಡ ಅನ್ನುವವರು ಇದ್ದೇ ಇರುತ್ತಾರೆ. ಮೂಲೆಮನೆ ತಾತ ಹಾಗೇ, ಒಂದು ಚೀಲ ಹಿಡಿದುಕೊಳ್ಳೋಕೂ ಬಿಡುತ್ತಿರಲಿಲ್ಲ. ಅವರಿಗೆ ಸಹಾಯ ಮಾಡುವ ಯೋಚನೆ ಬಿಟ್ಟು ಒಂದು ನೋಟ್‌ಬುಕ್ ಕೊಟ್ಟು ಬಂದೆ, ಯಾವ ಸಾಮಾನು ಯಾರ ಮನೆಯಲ್ಲಿದೆ ಅಂತ ಬರೆದಿಡಿ ತಾತ ಅಂತ. ದಿನಾ ಯಾರಾದರೂ ಅವರ ಬಾಗಿಲಿಗೆ ಹೋಗಲೇಬೇಕು ಈಗ, ಅವರು ಹೇಗಿದ್ದಾರೆ ಅಂತ ಬೇರೆ ವಿಚಾರಿಸುವ ಅಗತ್ಯವೇ ಇಲ್ಲ. ಹೇಳಿದ ದಿನಕ್ಕೆ ಏಣಿ ವಾಪಸ್ ತರದವರಿಗೆ ಬೈಗುಳವೂ ಸಿಗುತ್ತದೆ, ನನಗೂ ಸಿಕ್ಕಿದೆ.