ಗುರಿ ಮಂಜಾಗಿಯೇ ಕಾಣಲಿ ಬಿಡಿ

ನಾನು ಏರ್ ಪಿಸ್ತೂಲ್ ಹಿಡಿದಿದ್ದು 43ನೇ ವಯಸ್ಸಿನಲ್ಲಿ. ಮೊದಲ ಎರಡು ತಿಂಗಳು 10 ಮೀಟರ್ ದೂರದ ಕಪ್ಪು ವೃತ್ತಕ್ಕೇ ಕಣ್ಣು ನೆಟ್ಟು ನಿಲ್ಲುತ್ತಿದ್ದೆ. ಪೆಲೆಟ್ (ಪಿಸ್ತೂಲಿನ ಪುಟ್ಟ ಗುಂಡು) ಮಾತ್ರ ಎಲ್ಲೆಲ್ಲೋ. ಒಂದು ದಿನ ಕೋಚ್ ಬಂದು ಆ ವೃತ್ತವಿದ್ದ ಕಾರ್ಡನ್ನೇ ತಿರುಗಿಸಿ ಹಾಕಿದರು. ಎದುರಿಗೆ ಬರೀ ಬಿಳಿ. "ಈಗ ಹೊಡೀರಿ ಮೇಡಂ" ಅಂದರು. ಹತ್ತು ಹೊಡೆತ ಆದಮೇಲೆ ನೋಡಿದರೆ ತೂತುಗಳೆಲ್ಲ ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ!

ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಂಡಿತಂತೆ. ಪಿಸ್ತೂಲಿಗೆ ಆ ಕತೆ ಆಗಿಬರಲ್ಲ.

ಪಿಸ್ತೂಲಿನ ತುದಿಯ ಕಡ್ಡಿ ಫ್ರಂಟ್ ಸೈಟ್. ಹಿಂದಿನ ಕಚ್ಚು ರಿಯರ್ ಸೈಟ್. ಕಚ್ಚಿನ ನಡುವೆ ಕಡ್ಡಿ ನಿಲ್ಲಬೇಕು, ಎರಡೂ ಬದಿ ಸಮ ಬೆಳಕು ಕಾಣಬೇಕು, ತಲೆಗಳು ಒಂದೇ ಮಟ್ಟಕ್ಕಿರಬೇಕು. ಇಡೀ ಕೈ 5 ಮಿ.ಮೀ. ಅಲ್ಲಾಡಿದರೆ ಪೆಲೆಟ್ಟೂ 5 ಮಿ.ಮೀ. ಜರುಗುತ್ತದೆ, ಅಷ್ಟೇ. ಆದರೆ ಕಚ್ಚಿನಲ್ಲಿ ಕಡ್ಡಿ 1 ಮಿ.ಮೀ. ವಾಲಿದರೆ ಕಾರ್ಡಿನ ಮೇಲೆ ಸುಮಾರು 3 ಸೆಂ.ಮೀ. ಆಚೆ! ಹತ್ತು ಅಂಕದ ವೃತ್ತವೇ 11.5 ಮಿ.ಮೀ., ಶರ್ಟಿನ ಗುಂಡಿಯಷ್ಟು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಿದ್ದು ಇದೇ ಗುಂಡಿಗೆ ಹೊಡೆದು.

ಹಾಗಾಗಿ ನೋಟ ಕಡ್ಡಿಯ ಮೇಲಿರಲಿ. ಅದರ ಅಂಚು ಬ್ಲೇಡಿನಷ್ಟು ಚೂಪಾಗಿ ಕಾಣಬೇಕು. ಕಪ್ಪು ವೃತ್ತ ಹಿಂದೆಲ್ಲೋ ಬೂದಿ ಉಂಡೆಯ ಹಾಗೆ ಮಸುಕಾಗಿರಲಿ. ಕಡ್ಡಿಯನ್ನು ಕಪ್ಪಿನ ಕೆಳಗಿನ ಬಿಳಿ ಜಾಗದಲ್ಲಿ ನಿಲ್ಲಿಸಿ. ಟ್ರಿಗರ್ ಎಳೆಯುವಾಗ "ಹೋಯ್ತಾ?" ಅಂತ ಕಣ್ಣು ತಾನಾಗೇ ಗುರಿಗೆ ಹಾರುತ್ತದೆ. ಹೊಡೆತ ಕೆಡೋದು ಅಲ್ಲೇ. ಸದ್ದಾದ ಮೇಲೂ ಒಂದೆರಡು ಸೆಕೆಂಡ್ ಕಡ್ಡಿಯನ್ನೇ ನೋಡ್ತಾ ಇರಿ.

ಮನೆಯಲ್ಲಿ ದಿನಾ ಹದಿನೈದು ನಿಮಿಷ ಡ್ರೈ ಫೈರ್ (ಪೆಲೆಟ್ ಹಾಕದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾಡಿ. ಪಿಸ್ತೂಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಆ ಕೋಣೆಗೆ ಯಾರೂ ಬರದ ಹಾಗೆ ನೋಡಿಕೊಳ್ಳಿ. ಬಿಳಿ ಗೋಡೆ ಸಾಕು. ಕೈ ನಿಂತ ಮೇಲೆ ಎಂಟು ಸೆಕೆಂಡಿನೊಳಗೆ ಹೊಡೆತ ಹೋಗಲಿಲ್ಲ ಅಂದ್ರೆ ಕೈ ಇಳಿಸಿಬಿಡಿ. ಜಾಸ್ತಿ ಹೊತ್ತು ದಿಟ್ಟಿಸಿದರೆ ಕಣ್ಣು ಹಳೇ ಚಿತ್ರವನ್ನೇ ತೋರಿಸುತ್ತೆ. ನಡುನಡುವೆ ನೆಲವನ್ನೋ ದೂರದ ಹಸಿರನ್ನೋ ಸುಮ್ನೆ ನೋಡಿ.

ಇನ್ನೊಂದು ಕಣ್ಣನ್ನು ಮುಚ್ಚಬೇಡಿ, ಮುಖವೆಲ್ಲ ಬಿಗಿಯುತ್ತೆ. ಟೋಪಿಗೆ ಬಿಳಿ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿ ಮರೆ ಮಾಡಿ. ಸ್ಪರ್ಧೆಯಲ್ಲಿ ಅದು 30 ಮಿ.ಮೀ.ಗಿಂತ ಅಗಲ ಇರಬಾರದು.

ಚಾಳೀಸು ಬಂದವರಿಗೆ ಬೇರೆಯೇ ತಾಪತ್ರಯ. ಓದುವ ಕನ್ನಡಕದಲ್ಲಿ ಪೇಪರ್ ಸ್ಪಷ್ಟ, ಚಾಚಿದ ಕೈಯ ತುದಿ ಮಂಜು. ಕೈ ಚಾಚಿ ನಿಂತು, ಕಣ್ಣಿನಿಂದ ಕಡ್ಡಿವರೆಗೆ ಮಗಳ ಕೈಲಿ ಟೇಪ್ ಹಿಡಿಸಿದೆ. 82 ಸೆಂ.ಮೀ. ಬಂತು. ಆ ಚೀಟಿ ತಗೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆ. (ಪಿಸ್ತೂಲ್ ಒಯ್ಯಬೇಡಿ, ಕ್ಲಿನಿಕ್ಕಲ್ಲಿ ಗಾಬರಿಯಾಗುತ್ತಾರೆ.) ಆ ದೂರಕ್ಕೆ ಅಂತಲೇ ಮಾಡಿಸಿದ ಕನ್ನಡಕ ಹಾಕಿದ ದಿನ ಕಡ್ಡಿಗೂ ನಾಲ್ಕು ಮೂಲೆ ಇದೆ ಅಂತ ಗೊತ್ತಾಯಿತು.

ಗಮನ ಎಲ್ಲಿತ್ತು ಅಂತ ತಿಳಿಯೋಕೆ ಒಂದು ಉಪಾಯ. ಹೊಡೆದ ಮೇಲೆ ಫಲಿತಾಂಶ ನೋಡೋ ಮೊದಲೇ "ಎಡಕ್ಕೆ, ಎಂಟು" ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ನೋಡಿ, ಬರೆದಿಡಿ. ಕಡ್ಡಿಯನ್ನು ನಿಜವಾಗಿ ನೋಡಿದ್ದರೆ ಮಾತ್ರ ಹೇಳೋಕೆ ಬರುತ್ತೆ. ನನ್ನ ಪುಸ್ತಕದಲ್ಲಿ ಇವತ್ತಿಗೂ ಹತ್ತರಲ್ಲಿ ಆರೇ ಹೊಂದೋದು.