ಸ್ಟೀರಾಯ್ಡ್ ಶುರುವಾಗಿದೆಯಾ? ಸಂಜೆ ಶುಗರ್ ನೋಡಿ

2021ರ ಏಪ್ರಿಲ್-ಮೇನಲ್ಲಿ ರಾಜಾಜಿನಗರದ ನಮ್ಮ ಪುಟ್ಟ ಕ್ಲಿನಿಕ್‌ಗೆ ಶುಗರ್ ಪೇಷೆಂಟ್‌ಗಳು ಬರುವುದು ನಿಂತಿತು, ಅವರ ಫೋನ್ ಮಾತ್ರ ನಿಲ್ಲಲಿಲ್ಲ. ಬೆಡ್ ಸಿಗದವರು, ಆಕ್ಸಿಜನ್ ಯಂತ್ರ ಬಾಡಿಗೆಗೆ ತಂದವರು, ಆಸ್ಪತ್ರೆಯಿಂದ ಬೇಗ ಮನೆಗೆ ಬಂದವರು, ಎಲ್ಲರ ಶುಗರನ್ನೂ ವಾಟ್ಸಾಪ್‌ನಲ್ಲೇ ನೋಡಬೇಕಾಯಿತು.

ಶುಗರ್ ಇದ್ದವರನ್ನು ಕೊರೊನಾ ಜಾಸ್ತಿ ಕಾಡುತ್ತದೆ ಅನ್ನೋದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಕೊರೊನಾದಿಂದಲೂ ಶುಗರ್ ಏರುತ್ತದೆ ಅಂದರೆ ಮಾತ್ರ ಯಾರೂ ನಂಬುತ್ತಿರಲಿಲ್ಲ. "ಮೇಡಂ, ಗಂಜಿ ಬಿಟ್ಟು ಏನೂ ತಿಂದಿಲ್ಲ, 280 ಹೇಗೆ ಬಂತು?" ಸೋಂಕು ಜೋರಾದಾಗ ಮೈಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳು ಹೆಚ್ಚುತ್ತವೆ. ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡಲ್ಲ. ಲಿವರ್ ತನ್ನ ಪಾಡಿಗೆ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಉಪವಾಸ ಮಾಡಿದರೆ ಇಳಿಯುವ ಶುಗರ್ ಅಲ್ಲ ಅದು.

ಅದರ ಮೇಲೆ ಸ್ಟೀರಾಯ್ಡ್, ಉರಿಯೂತ ಇಳಿಸುವ ಔಷಧಿ, ಆದರೆ ಶುಗರ್ ಏರಿಸುತ್ತದೆ. ಆಕ್ಸಿಜನ್ ಬೇಕಾದವರ ಜೀವ ಉಳಿಸುತ್ತದೆ ಅಂತ 2020ರಲ್ಲೇ ಬ್ರಿಟನ್ನಿನ 'ರಿಕವರಿ' ಎಂಬ ಔಷಧ ಪ್ರಯೋಗ ತೋರಿಸಿತ್ತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಹೆಚ್ಚೆಂದರೆ 10 ದಿನ. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಆದರೆ ನಮ್ಮಲ್ಲಿ ಪಕ್ಕದ ಮನೆಯವರ ಚೀಟಿಯ ಫೋಟೋ ತೋರಿಸಿ, ಜ್ವರದ ಮೊದಲ ದಿನವೇ ನುಂಗಿದವರೂ ಇದ್ದರು. ಇದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಒಬ್ಬರ ಮಗಳು ಕಳಿಸಿದ ಪಟ್ಟಿ ಹೀಗಿತ್ತು: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 118, ಮಧ್ಯಾಹ್ನ ಊಟದ ನಂತರ 290, ರಾತ್ರಿ ಊಟಕ್ಕೆ ಮುಂಚೆ 340. ಅದಕ್ಕೂ ಮುಂಚೆ ಅವರು ಬೆಳಗ್ಗೆ ಮಾತ್ರ ಚುಚ್ಚಿ ನೋಡುತ್ತಿದ್ದರು. "ಅಪ್ಪಂದು ನಾರ್ಮಲ್ಲೇ ಇದೆ" ಅಂತ ಮನೆಯವರೆಲ್ಲ ನಿರಾಳವಾಗಿದ್ದರು. ಅವರು ಬೆಳಗ್ಗೆ ನುಂಗುತ್ತಿದ್ದದ್ದು ಮಿಥೈಲ್ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಅದರ ಆಟ ಮಧ್ಯಾಹ್ನದಿಂದ ರಾತ್ರಿವರೆಗೆ. ಬೆಳಗಿನ ಜಾವಕ್ಕೆ ಶುಗರ್ ಮತ್ತೆ ಇಳಿದಿರುತ್ತದೆ. ಸ್ಟ್ರಿಪ್ ದುಬಾರಿ, ದಿನಕ್ಕೆ ಒಂದೇ ಸಲ ನೋಡೋಕೆ ಆಗೋದು ಅಂದವರಿಗೆ ಸಂಜೆ ಊಟಕ್ಕೆ ಮುಂಚೆ ನೋಡಿ ಅಂತಲೇ ಹೇಳಿದೆ. ಆ ಅಪ್ಪನಿಗೆ ಬೆಳಗ್ಗೆ ಮಾತ್ರೆ ಜೊತೆಗೇ ಎನ್‌ಪಿಎಚ್ ಎಂಬ, ಸುಮಾರು ಅರ್ಧ ದಿನ ಕೆಲಸ ಮಾಡುವ ಇನ್ಸುಲಿನ್ ಶುರು ಮಾಡಿದೆ. ಎರಡರ ಏರಿಳಿತದ ಹೊತ್ತೂ ಹೆಚ್ಚು ಕಡಿಮೆ ಹೊಂದುತ್ತದೆ. ಡೆಕ್ಸಾಮೆಥಾಸೋನ್ ಆದರೆ ಈ ಲೆಕ್ಕ ನಡೆಯಲ್ಲ. ಅದು ಒಂದು ದಿನ ದಾಟಿಯೂ ಮೈಯಲ್ಲಿ ಕೆಲಸ ಮಾಡುತ್ತದೆ, ಬೆಳಗಿನ ಶುಗರೂ ಏರುತ್ತದೆ.

ಸ್ಟೀರಾಯ್ಡ್ ಇಳಿಸುವಾಗ ಇನ್ಸುಲಿನ್ ಕೂಡ ಇಳಿಸಲೇಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೀರಾಯ್ಡ್ ಯಾವಾಗ ಎಷ್ಟು ಕಡಿಮೆ ಮಾಡಬೇಕು ಅಂತ ಇರುತ್ತಿತ್ತು, ಇನ್ಸುಲಿನ್ ಎಷ್ಟು ಅಂತ ಎಷ್ಟೋ ಸಲ ಇರುತ್ತಿರಲಿಲ್ಲ. ಹಳೇ ಡೋಸನ್ನೇ ಹಾಕಿಕೊಂಡು ಶುಗರ್ ತೀರಾ ಇಳಿದು ಬೆವರಿ ನಡುಗಿದವರು ಫೋನ್ ಮಾಡುತ್ತಿದ್ದರು. "ಮೊದಲು ಸಕ್ಕರೆ ನೀರು ಕುಡೀರಿ, ಮಾತು ಆಮೇಲೆ" ಅನ್ನುತ್ತಿದ್ದೆ. ವಾಂತಿ ಆಗುತ್ತಿದ್ದವರಿಗೆ, ಊಟ ಸೇರದವರಿಗೆ ಡಾಪಾಗ್ಲಿಫ್ಲೋಜಿನ್ ಥರದ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ ನಿಲ್ಲಿಸಿದೆ. ಅದನ್ನು ನುಂಗುತ್ತಿದ್ದರೆ ಶುಗರ್ ತೀರಾ ಏರದೆಯೂ ರಕ್ತದಲ್ಲಿ ಕೀಟೋನ್ ಎಂಬ ಅಪಾಯದ ಆಮ್ಲ ತುಂಬಿಕೊಳ್ಳಬಹುದು.

ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ಭಯ ಬೇರೆ. ಹತೋಟಿ ತಪ್ಪಿದ ಶುಗರ್, ಜೊತೆಗೆ ಸ್ಟೀರಾಯ್ಡ್, ಫಂಗಸ್‌ಗೆ ಅಷ್ಟು ಸಾಕು. ಪ್ರತಿ ಫೋನಿನಲ್ಲೂ ಕೇಳುತ್ತಿದ್ದೆ: ಒಂದೇ ಕಡೆ ಮೂಗು ಕಟ್ಟಿದೆಯಾ? ಕೆನ್ನೆ ಜೋಮು ಹಿಡಿದಿದೆಯಾ? ಕಣ್ಣು ಊದಿದೆಯಾ? ಮೇಲಿನ ಹಲ್ಲು ಅಲುಗಾಡುತ್ತಾ? ಹೌದು ಅಂದರೆ ಅದೇ ದಿನ ಬೌರಿಂಗ್ ಆಸ್ಪತ್ರೆಗೆ ಹೊರಡಿ ಅಂತಿದ್ದೆ.

ಹಿಂದೆ ಶುಗರೇ ಇಲ್ಲ ಅಂದವರಿಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಬರೆಯುತ್ತಿದ್ದೆ. 6.5 ದಾಟಿದ್ದರೆ ಕಾಯಿಲೆ ಮೊದಲಿಂದ ಸದ್ದಿಲ್ಲದೆ ಇತ್ತು ಅಂತ ಊಹಿಸಬಹುದು. ರಕ್ತಹೀನತೆ ಇದ್ದರೆ ಈ ಸಂಖ್ಯೆಯನ್ನು ಅಷ್ಟಾಗಿ ನಂಬಲ್ಲ. 6.5ಕ್ಕಿಂತ ಕಡಿಮೆ ಇದ್ದವರಿಗೆ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಕೆಲವರ ಮಾತ್ರೆ ಪೂರ್ತಿ ನಿಂತಿತು, ಕೆಲವರದ್ದು ಈಗಲೂ ನಡೆಯುತ್ತಿದೆ. ನಿಂತವರಿಗೂ ವರ್ಷಕ್ಕೊಮ್ಮೆ ಚೀಟಿ ಬರೆಯುತ್ತೇನೆ. "ಹೋಯ್ತಲ್ಲ ಮೇಡಂ, ಸುಮ್ನೆ ಯಾಕೆ?" ಅಂತ ಕೊಸರಾಡುತ್ತಲೇ ರಕ್ತ ಕೊಟ್ಟು ಹೋಗುತ್ತಾರೆ.